ತೂಕಕ್ಕೆ ಬಾರದ ಸಾಮಾನು

ಇಂಡಿಯಾನಾದ ಹೆದ್ದಾರಿಯ ಪಕ್ಕ ಲಾರಿಗಳು ತಂಗುವ ದೊಡ್ಡ ಪೆಟ್ರೋಲ್ ಬಂಕೊಂದಿದೆ. ಅಲ್ಲಿ ಲಾರಿ ತೂಗುವ ವೇಬ್ರಿಜ್ ಇದೆ. ಕೆಲವು ಡಾಲರ್ ಕೊಟ್ಟರೆ ಯಾರು ಬೇಕಾದರೂ ತಮ್ಮ ಗಾಡಿ ತೂಗಿಸಿ ಚೀಟಿ ಪಡೆಯಬಹುದು. ಕಳೆದ ಮೇ ತಿಂಗಳ ಒಂದು ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಭಾರೀ ಲಾರಿಗಳ ನಡುವೆ ಅಲ್ಲಿ ಸರದಿಯಲ್ಲಿ ನಿಂತಿದ್ದೆವು. ನಮ್ಮ ಕಡೆ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವುದು ನೆನಪಾಯಿತು. ನಮ್ಮ ಗಾಡಿಯ ಹಿಂದೆ ಇದ್ದದ್ದು ಕಬ್ಬಲ್ಲ, 6 ಅಡಿ ಅಗಲ 12 ಅಡಿ ಉದ್ದದ ಬಿಳಿ ತಗಡಿನ ಡಬ್ಬಿ. ಸಾಮಾನು ಸಾಗಿಸುವ ಆ ಕಾರ್ಗೋ ಟ್ರೇಲರನ್ನು ನಾಲ್ಕು ತಿಂಗಳು ಕೂತು ನಾವು ಮನೆ ಮಾಡಿದ್ದೆವು.

ಚೀಟಿ ಬಂತು. ಲೆಕ್ಕ ಹಾಕಿದಾಗ ಟ್ರೇಲರಿನ ತೂಕ 2,380 ಪೌಂಡ್, ಅಂದರೆ ಸುಮಾರು 1,080 ಕಿಲೋ. ಗೆಳೆಯ ಚೀಟಿಯನ್ನು ಮೇಲೆತ್ತಿ, "ನೋಡು, ನನ್ನ ಇಡೀ ಬದುಕು ಒಂದು ಟನ್ನಿಗಿಂತ ಚೂರು ಹೆಚ್ಚು, ಅಷ್ಟೇ" ಅಂದ. ನನಗೂ ಹೆಮ್ಮೆಯಾಯಿತು. ಆಮೇಲೆ ಮಾತ್ರ ಆ ವಾಕ್ಯ ನನ್ನನ್ನು ಬಿಡಲಿಲ್ಲ. ಅದು ನಿಜವೇ? ಕಡಿಮೆ ಸಾಮಾನಿನಲ್ಲಿ ಬದುಕುವುದು ಒಂದು ಗುಣ ಎನ್ನುವುದಾದರೆ, ಆ ಗುಣವನ್ನು ತೂಗುವುದು ಯಾವ ತಕ್ಕಡಿಯಲ್ಲಿ?

ಕಟ್ಟಡದ ಗೋಡೆಗಳೊಳಗೆ ತೇವ ಹೇಗೆ ಸಂಚರಿಸುತ್ತದೆ ಎನ್ನುವುದರ ಮೇಲೆ ನಾನಿಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಗೆಳೆಯ ನನ್ನದೇ ಕೋಣೆಯಲ್ಲಿ ಕೂರುವ ಅಮೆರಿಕನ್ ಹುಡುಗ. ನಮ್ಮ ಸ್ಟೈಪೆಂಡಿನ ಅರ್ಧದಷ್ಟು ಬಾಡಿಗೆಗೇ ಹೋಗುತ್ತದೆ. ಥೀಸಿಸ್ ಬರೆಯುವ ಕೊನೆಯ ವರ್ಷವನ್ನು ಚಕ್ರದ ಮೇಲಿನ ಮನೆಯಲ್ಲಿ ಕಳೆಯುತ್ತೇನೆಂದು ಅವನು ತೀರ್ಮಾನಿಸಿದ. ಇದೇ ರಾಜ್ಯದ ಉತ್ತರಕ್ಕೆ ಎಲ್ಕ್‌ಹಾರ್ಟ್ ಎಂಬ ಊರಿದೆ. ಅಮೆರಿಕದ ಪ್ರವಾಸಿ ವಾಹನಗಳಲ್ಲಿ ಬಹುಪಾಲು ತಯಾರಾಗುವುದು ಆ ಸುತ್ತಿನಲ್ಲೇ. ಆದರೆ ಹೊಸದಾದ, ಸಿದ್ಧ ಕ್ಯಾಂಪರ್ ನಮ್ಮಂಥವರ ಕೈಗೆ ಎಟುಕುವ ಬೆಲೆಯದಲ್ಲ. ಹಾಗಾಗಿ ಇಲ್ಲಿ ಅನೇಕರು ಖಾಲಿ ಕಾರ್ಗೋ ಟ್ರೇಲರ್ ಕೊಂಡು ಒಳಗಿನದನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಗೆಳೆಯ ಒಬ್ಬ ಪೇಂಟರ್ ಕೈಯಿಂದ ಹಳೆಯದೊಂದನ್ನು ಕೊಂಡ. ಅದರ ಪ್ಲೈವುಡ್ ನೆಲದ ಮೇಲೆ ಏಳೆಂಟು ಬಣ್ಣಗಳ ಕಲೆಗಳಿದ್ದವು.

ಇಂಥ ಒಂಟಿ ಅಚ್ಚಿನ ಟ್ರೇಲರು ಸಾಮಾನು ಸಮೇತ 2,990 ಪೌಂಡ್ ಮೀರುವಂತಿಲ್ಲ. 3,000 ದಾಟಿದರೆ ಹಲವು ರಾಜ್ಯಗಳಲ್ಲಿ ಟ್ರೇಲರಿಗೇ ಪ್ರತ್ಯೇಕ ಬ್ರೇಕ್ ಬೇಕು. ಅದಕ್ಕೇ ತಯಾರಕರು ಹತ್ತು ಪೌಂಡ್ ಈಚೆಗೇ ನಿಲ್ಲಿಸಿದ್ದಾರೆ. ಖಾಲಿ ಡಬ್ಬಿಯೇ ಐನೂರು ಕಿಲೋ ದಾಟುತ್ತದೆ. ಉಳಿದದ್ದರಲ್ಲಿ ಮನೆ ಕಟ್ಟಬೇಕು. ತೂಕ ಎಷ್ಟು ಎನ್ನುವುದಷ್ಟೇ ಅಲ್ಲ, ಎಲ್ಲಿ ಎನ್ನುವುದೂ ಮುಖ್ಯ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಕ್ಕೆಯ ಮೇಲೆ ಕೂರಬೇಕು. ಭಾರ ಹಿಂದಕ್ಕೆ ಹೋದರೆ ವೇಗದಲ್ಲಿ ಟ್ರೇಲರ್ ಬಾಲದಂತೆ ತೂಗಾಡಿ, ಎಳೆಯುವ ಗಾಡಿಯನ್ನೂ ಉರುಳಿಸಬಹುದು.

ಆದ್ದರಿಂದ ಒಳಗೆ ಹೋಗುವ ಪ್ರತಿಯೊಂದನ್ನೂ ತೂಗಿದೆವು. 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ, 12 ಕಿಲೋ. ಅದರಲ್ಲಿ ಹಿಡಿಯುವ ವಿದ್ಯುತ್ತು ಸುಮಾರು ಒಂದೂಕಾಲು ಯೂನಿಟ್. ನೀರಿನ ಕ್ಯಾನು, 20 ಲೀಟರಿಗೆ 20 ಕಿಲೋ. ಹಾಸಿಗೆ, ಒಲೆ, ಎರಡು ಪಾತ್ರೆ, ಪುಸ್ತಕಗಳು. ಕಪಾಟಿನ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಿಂದ ಪಟ್ಟಿ ಬರೆಯುತ್ತ ಹೋದೆವು. ಮನೆಯನ್ನು ತುಂಬುವುದು 'ಬೇಕು' ಎನ್ನುವ ಸಾಮಾನಲ್ಲ, 'ಇರಲಿ ಬಿಡು' ಎನ್ನುವ ಸಾಮಾನು ಎಂದು ಆಗ ತಿಳಿಯಿತು. ಒಂದು ವಸ್ತುವನ್ನು ಕೈಯಲ್ಲಿ ಹಿಡಿದು, ಇದು ಯಾಕೆ ನನ್ನ ಜೊತೆ ಬರಬೇಕು ಎಂದು ಕೇಳಿ ಉತ್ತರ ಸಿಕ್ಕರೆ ಮಾತ್ರ ಒಳಗಿಡುವುದು. ಹೀಗೆ ನಾಲ್ಕು ತಿಂಗಳು ಮಾಡಿದ ಮೇಲೆ ಅಂಗಡಿಗೆ ಹೋದಾಗಲೂ ಕೈ ತಾನಾಗಿ ಹಿಂದೆ ಸರಿಯುತ್ತಿತ್ತು. ಇದು ಸಣ್ಣ ಪಾಠವಲ್ಲ. ಇದನ್ನು ನಾನು ಈಗಲೂ ಹಗುರವಾಗಿ ಕಾಣುವುದಿಲ್ಲ.

ಆ ದಿನಗಳಲ್ಲೇ ನಾನು ಅವನಿಗೆ ನಮ್ಮ ವಚನಕಾರರ ಸ್ಥಾವರ-ಜಂಗಮದ ಬಗ್ಗೆ ಹೇಳಿದೆ. ನಿಂತದ್ದು ಮತ್ತು ನಡೆಯುವುದು. ಅವನಿಗೆ ಎಷ್ಟು ಹಿಡಿಸಿತೆಂದರೆ, ಟ್ರೇಲರಿನ ಹಿಂಬಾಗಿಲ ಮೇಲೆ 'ಜಂಗಮ' ಎಂದು ಕನ್ನಡದಲ್ಲೇ ಬರೆಸಿಕೊಂಡ. ನೀಲಿ ಬಣ್ಣದಲ್ಲಿ ನಾನೇ ಬರೆದೆ.

ಮಾರ್ಚಿನ ಚಳಿಯಲ್ಲಿ, ಕೆಲಸ ಅರ್ಧವಾಗಿದ್ದಾಗ, ಒಂದು ರಾತ್ರಿ ಅದರಲ್ಲಿ ಮಲಗಿ ನೋಡಿದೆವು. ಗೋಡೆಗೆ, ಸೂರಿಗೆ ಉಕ್ಕಿನ ಪಟ್ಟಿಗಳ ನಡುವೆ ಫೋಮ್ ಹಲಗೆ ಕೂರಿಸಿದ್ದೆವು, ಪಟ್ಟಿಗಳ ಮೇಲೆ ಇನ್ನೂ ಹೊದಿಸಿರಲಿಲ್ಲ. ಚಳಿಯೆಂದು ಸೂರಿನ ಫ್ಯಾನಿನ ಕಿಂಡಿಯನ್ನು ಬಿಗಿಯಾಗಿ ಮುಚ್ಚಿದೆವು. ಬೆಳಿಗ್ಗೆ ಎದ್ದಾಗ ಹಣೆಯ ಮೇಲೆ ತಣ್ಣನೆಯ ಹನಿ. ಮೇಲೆ ನೋಡಿದರೆ ಉಕ್ಕಿನ ಪಟ್ಟಿಗಳಷ್ಟೂ ಉದ್ದಕ್ಕೆ ನೀರಿನ ಸಾಲು, ಡಬ್ಬಿಯ ಪಕ್ಕೆಲುಬುಗಳನ್ನು ಯಾರೋ ಎಣಿಸಿಟ್ಟ ಹಾಗೆ. ಇಬ್ಬರು ರಾತ್ರಿಯಿಡೀ ಮಲಗಿದರೆ ಉಸಿರು ಬೆವರಿನಲ್ಲೇ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಅದು ತಣ್ಣನೆಯ ಲೋಹವನ್ನು ಹುಡುಕಿ ಹೋಗಿ ನೀರಾಗುತ್ತದೆ. ಇದು ನನ್ನ ಸಂಶೋಧನೆಯ ಮೊದಲ ಪಾಠ. ಚಮಚವನ್ನೂ ತೂಗಿದ ನಾವು ನಮ್ಮ ಉಸಿರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಲೆಕ್ಕಕ್ಕೆ ಹಿಡಿಯದ್ದು ಇನ್ನೂ ಇತ್ತು. ಏಪ್ರಿಲ್ ಕೊನೆಯಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಅವನ ಸಾಮಾನನ್ನು ಮೂರು ಗಂಟೆ ದೂರದ ಅವನ ತಂದೆತಾಯಿಯ ಮನೆಗೆ ಒಯ್ದೆವು. ನೆಲಮಾಳಿಗೆಯ ಮೆಟ್ಟಿಲು ಇಳಿದು ಹನ್ನೊಂದು ಪೆಟ್ಟಿಗೆ, ಒಂದು ಮೇಜು, ಸೈಕಲ್, ಗಿಟಾರ್ ಇಳಿಸಿದೆವು. ಅವನ ತಾಯಿ ಪ್ರತಿ ಪೆಟ್ಟಿಗೆಯ ಮೇಲೂ ಹೆಸರು ಬರೆದಿಟ್ಟರು. ಅವನ ಲೈಸೆನ್ಸು, ಬ್ಯಾಂಕು, ವಿಮೆ ಎಲ್ಲಕ್ಕೂ ಆ ಮನೆಯದೇ ವಿಳಾಸ. ವರ್ಷಪೂರ್ತಿ ರಸ್ತೆಯಲ್ಲೇ ಇರುವ ಅಮೆರಿಕನ್ನರಿಗೂ ಎಲ್ಲೋ ಒಂದು ವಿಳಾಸ ಬೇಕು. ಸೌತ್ ಡಕೋಟಾ ರಾಜ್ಯದಲ್ಲಿ ಒಂದು ರಾತ್ರಿ ತಂಗಿದ ರಸೀದಿ ತೋರಿಸಿ, ಅಂಚೆ ಪಡೆಯುವ ಏಜೆನ್ಸಿಯ ವಿಳಾಸ ಕೊಟ್ಟು ಅಲ್ಲಿನ ನಿವಾಸಿಗಳಾಗುವವರು ಬಹಳ. ನಡೆಯುವವರಿಗೂ ಕಾಗದದ ಮೇಲೊಂದು ಸ್ಥಾವರ ಬೇಕು.

ನನಗೆ ಆ ದಾರಿಯೂ ಇಲ್ಲ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ನಿಜವಾಗಿ ವಾಸಿಸುವ ವಿಳಾಸವನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟಿರಬೇಕು. ಅದು ಬದಲಾದರೆ 10 ದಿನಗಳೊಳಗೆ ತಿಳಿಸಬೇಕು. ಹಾಗಾಗಿ ನನ್ನ ಬಾಡಿಗೆ ಕೋಣೆ ಬಿಡದೆ, ಜೂನ್‌ನಲ್ಲಿ ಮೂರು ವಾರ ಮಾತ್ರ ಗೆಳೆಯನ ಜೊತೆ ಪಶ್ಚಿಮಕ್ಕೆ ಹೊರಟೆ.

ದಾರಿಯಲ್ಲಿ ಓದಲು ಒಯ್ದಿದ್ದು ಜಾನ್ ಸ್ಟೈನ್‌ಬೆಕ್‌ನ ಎರಡು ಪುಸ್ತಕ. 'ದಿ ಗ್ರೇಪ್ಸ್ ಆಫ್ ರಾತ್' 1939ರದು. ಓಕ್ಲಹೋಮಾದ ಜೋಡ್ ಕುಟುಂಬ ಜಮೀನು ಕಳೆದುಕೊಂಡು, ಹಳೆಯ ಹಡ್ಸನ್ ಕಾರನ್ನು ಕತ್ತರಿಸಿ ಲಾರಿ ಮಾಡಿಕೊಂಡು, ಅಜ್ಜ ಅಜ್ಜಿ ಮಕ್ಕಳೆಲ್ಲ ಅದರ ಮೇಲೇರಿ ಕ್ಯಾಲಿಫೋರ್ನಿಯಾಕ್ಕೆ ಹೊರಡುತ್ತಾರೆ. 'ಟ್ರಾವೆಲ್ಸ್ ವಿತ್ ಚಾರ್ಲಿ' 1962ರದು. ಈ ಬಾರಿ ಲೇಖಕನೇ ತನಗೆಂದು ಮಾಡಿಸಿಕೊಂಡ ಕ್ಯಾಂಪರ್ ಲಾರಿಗೆ ಡಾನ್ ಕಿಹೋಟೆಯ ಕುದುರೆಯ ಹೆಸರಿಟ್ಟು, ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇಶ ನೋಡಲು ಹೋಗುತ್ತಾನೆ. ಆ ಲಾರಿ ಇಂದಿಗೂ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ಅವನ ಹೆಸರಿನ ಕೇಂದ್ರದಲ್ಲಿದೆ. ಎರಡೂ ಕಡೆ ಮನೆಯಾಗಿ ಮಾರ್ಪಟ್ಟ ವಾಹನ, ಎರಡೂ ಕಡೆ ಅದೇ ಅಮೆರಿಕದ ರಸ್ತೆ. ಒಂದನ್ನು ಓದುವಾಗ ಎದೆ ಭಾರವಾಗುತ್ತದೆ, ಇನ್ನೊಂದನ್ನು ಓದಿದರೆ ಹೊರಟುಬಿಡೋಣ ಅನ್ನಿಸುತ್ತದೆ. ಯಾಕೆ ಎಂದು ಕೇಳಿದರೆ 'ಒಂದು ಬಲವಂತ, ಇನ್ನೊಂದು ಆಯ್ಕೆ' ಎಂದು ಥಟ್ಟನೆ ಹೇಳಿಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ.

ಎರಡನೆಯ ವಾರ ಒಂದು ಸಣ್ಣ ಊರಿನಲ್ಲಿ ನದಿ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದೆವು. ರಾತ್ರಿ ತಂಗುವಂತಿಲ್ಲ ಎಂಬ ಫಲಕವಿತ್ತು. ಕತ್ತಲಾಗಿತ್ತು, ದಣಿದಿದ್ದೆವು, ನೋಡಿಯೂ ನೋಡದವರಂತೆ ಇದ್ದೆವು. ಸ್ವಲ್ಪ ಆಚೆ ಒಂದು ಹಳೆಯ ವ್ಯಾನು. ಕಿಟಕಿಗಳಿಗೆ ಟವೆಲ್ ಕಟ್ಟಿತ್ತು. ಅದರಲ್ಲಿದ್ದ ವಯಸ್ಸಾದ ಹೆಂಗಸು ನಾವು ಒಲೆ ಹೊತ್ತಿಸುವುದನ್ನು ನೋಡುತ್ತ ಹತ್ತಿರ ಬಂದರು. ಟ್ರೇಲರಿನೊಳಗೆ ಇಣುಕಿ ಚೆನ್ನಾಗಿದೆ ಅಂದರು. ಆಮೇಲೆ, "ಮೇಲಿನ ಕಿಂಡಿ ಪೂರ್ತಿ ಮುಚ್ಚಬೇಡಿ, ಬೆಳಿಗ್ಗೆ ಎಲ್ಲ ಒದ್ದೆಯಾಗಿರುತ್ತದೆ. ನಾನು ಮುಂದಿನ ಎರಡು ಕಿಟಕಿ ಬೆರಳಷ್ಟು ಇಳಿಸಿ ಮಲಗುತ್ತೇನೆ" ಅಂದರು. ನಾನು ನಾಲ್ಕು ವರ್ಷದಿಂದ ಓದುತ್ತಿರುವ ವಿಷಯವನ್ನು ಅವರು ಎರಡು ವಾಕ್ಯದಲ್ಲಿ ಹೇಳಿ ಹೋದರು.

ಹನ್ನೊಂದೂವರೆಯ ಹೊತ್ತಿಗೆ ಬಾಗಿಲು ಬಡಿದ ಸದ್ದು. ಪೊಲೀಸ್ ಅಧಿಕಾರಿ. ನನ್ನ ಎದೆ ಡವಡವ ಅಂತಿತ್ತು. ಅವನು ಟಾರ್ಚ್ ಬಿಟ್ಟು ಒಳಗೆ ನೋಡಿದ, ಮುಖ ಅರಳಿತು. ನೀವೇ ಮಾಡಿದ್ದಾ, ಎಷ್ಟು ಖರ್ಚಾಯಿತು, ಫ್ಯಾನು ಯಾವುದು ಎಂದೆಲ್ಲ ಕೇಳಿದ. ಅವನ ಭಾವಮೈದುನನಿಗೂ ಹೀಗೊಂದು ಮಾಡಿಕೊಳ್ಳುವ ಆಸೆಯಂತೆ. ಹಿಂಬಾಗಿಲ ಮೇಲಿನ ಅಕ್ಷರ ತೋರಿಸಿ ಏನಿದು ಅಂದ. ನಾನು ಉತ್ಸಾಹದಿಂದ ವಿವರಿಸಿದೆ: ಚಲಿಸುವುದು ಎಂದರ್ಥ, 12ನೆಯ ಶತಮಾನದ ನಮ್ಮ ಕವಿಗಳ ಮಾತು ಎಂದು. ಚೆನ್ನಾಗಿದೆ ಅಂದ. "ಇಲ್ಲಿ ಮಲಗುವ ಹಾಗಿಲ್ಲ. ಆದರೆ ಇಷ್ಟು ಹೊತ್ತಾಗಿದೆ. ಬೆಳಿಗ್ಗೆ ಏಳರೊಳಗೆ ಹೊರಡಿ" ಎಂದು ಹೇಳಿ ವ್ಯಾನಿನ ಕಡೆ ನಡೆದ.

ಅಲ್ಲಿ ಅವನ ದನಿಯೇ ಬೇರೆ ಇತ್ತು. ಐದು ನಿಮಿಷದಲ್ಲಿ ವ್ಯಾನಿನ ಇಂಜಿನ್ ಕೆಮ್ಮಿತು. ಎರಡು ಸಲ ನಿಂತು ಮೂರನೆಯ ಸಲಕ್ಕೆ ಹತ್ತಿತು. ಹಿಂದಿನ ಎರಡು ದೀಪಗಳಲ್ಲಿ ಒಂದು ಉರಿಯುತ್ತಿರಲಿಲ್ಲ. ಅವರು ಹೊರಟುಹೋದರು. ನಾವು ಮಲಗಿದೆವು. ಒಂದೇ ಫಲಕ, ಒಂದೇ ರಾತ್ರಿ, ಒಂದೇ ತಪ್ಪು. ನಾನು ಬಾಯಿ ಬಿಡಲಿಲ್ಲ. ವೀಸಾದವನು, ಪೊಲೀಸರ ಜೊತೆ ಮಾತು ಬೆಳೆಸಬಾರದು ಎಂದು ಸಮಾಧಾನ ಹೇಳಿಕೊಂಡೆ. ಆದರೆ ವೀಸಾ ಬೇಕಿಲ್ಲದ ಗೆಳೆಯನೂ ಬಾಯಿ ಬಿಟ್ಟಿರಲಿಲ್ಲ. ಅಲ್ಲಿಗೆ ನನ್ನ ಕಾರಣ ಅರ್ಧ ಸುಳ್ಳಾಯಿತು.

ಮರುದಿನ ಇಡೀ ದಾರಿ ವಾದ ಮಾಡಿದೆವು. ಗೆಳೆಯನ ಮಾತುಗಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನಾವು ಬಾಯಿ ಬಿಟ್ಟಿದ್ದರೆ ಅವನು ನಮ್ಮನ್ನೂ ಎಬ್ಬಿಸಿ ಕಳಿಸುತ್ತಿದ್ದ, ಅದರಿಂದ ಅವರಿಗೇನು ಸಿಕ್ಕುತ್ತಿತ್ತು ಎಂದು ಮೊದಲು ಕೇಳಿದ. ಕಡಿಮೆಯಲ್ಲಿ ಬದುಕುವುದು ಯಾರು ಮಾಡಿದರೂ ಒಳ್ಳೆಯದೇ, ನಾನು ಬಿಟ್ಟ ಬಾಡಿಗೆ ಮನೆ ಇನ್ನೊಬ್ಬರಿಗೆ ಸಿಕ್ಕಿದೆ ಎಂದ. ಕೊನೆಗೆ ಕೇಳಿದ್ದು ಇದು: "ಅವರದೂ ಆಯ್ಕೆಯೇ ಇರಬಹುದಲ್ಲ? ಹಳೆಯ ವ್ಯಾನು ನೋಡಿ ಪಾಪ ಅನ್ನುವ ಹಕ್ಕು ನಿನಗೆ ಯಾರು ಕೊಟ್ಟರು?"

ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಜೆಸ್ಸಿಕಾ ಬ್ರೂಡರ್ ಅವರ 'ನೋಮ್ಯಾಡ್‌ಲ್ಯಾಂಡ್' 2017ರಲ್ಲಿ ಬಂತು. ಅದೇ ಹೆಸರಿನ ಸಿನಿಮಾಕ್ಕೆ ಆಸ್ಕರ್ ಕೂಡ ಬಂತು. 2008ರ ಆರ್ಥಿಕ ಕುಸಿತದ ನಂತರ ಮನೆ, ಉಳಿತಾಯ ಕಳೆದುಕೊಂಡು ವ್ಯಾನು ಟ್ರೇಲರುಗಳಲ್ಲಿ ಊರೂರು ತಿರುಗಿ, ಗೋದಾಮುಗಳಲ್ಲಿ, ಸಕ್ಕರೆ ಬೀಟ್ ಕೊಯ್ಲಿನಲ್ಲಿ ದುಡಿಯುವ ವೃದ್ಧರ ಕಥೆ ಅದು. ಅವರಲ್ಲಿ ಅನೇಕರು ತಮ್ಮ ಬದುಕನ್ನು ಸ್ವಾತಂತ್ರ್ಯ ಎಂದೇ ಕರೆಯುತ್ತಾರೆ, ಅದು ಬರೀ ತೋರಿಕೆಯ ಮಾತೂ ಅಲ್ಲ. ಬಲವಂತದಲ್ಲಿ ಶುರುವಾದದ್ದು ಒಲವಾಗಬಹುದು. ಒಲವಿನಲ್ಲಿ ಶುರುವಾದದ್ದು ಸೆರೆಯಾಗಬಹುದು. ಹಾಗಾದರೆ 'ಆಯ್ಕೆ' ಎಂಬ ಪದದಿಂದ ಎರಡು ಗಾಡಿಗಳ ವ್ಯತ್ಯಾಸ ಹೇಳುವುದು ಹೇಗೆ?

ಸಕ್ಕರೆ ಬೀಟ್ ಎಂದು ಓದಿದಾಗ ನನಗೆ ನೆನಪಾದದ್ದು ನಮ್ಮ ಕಬ್ಬು. ನಾನು ಮುಧೋಳ ತಾಲ್ಲೂಕಿನವನು. ದೀಪಾವಳಿ ಮುಗಿದರೆ ನಮ್ಮ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಬೀಡ್ ಕಡೆಯಿಂದ, ವಿಜಯಪುರದ ತಾಂಡಾಗಳಿಂದ. ಮುಂಗಡ ಪಡೆದ ಸಾಲ ಅವರನ್ನು ಎಳೆದು ತರುತ್ತದೆ. ಟ್ರ್ಯಾಕ್ಟರಿನ ಟ್ರ್ಯಾಲಿಯಲ್ಲಿ ಪಾತ್ರೆ, ಹಿಟ್ಟಿನ ಡಬ್ಬಿ, ಕೋಳಿ, ಕೂಸು ಎಲ್ಲ. ಹೊಲದ ಬದುವಿನಲ್ಲಿ ಕಬ್ಬಿನ ರವದಿಯ ಗುಡಿಸಲು ಎದ್ದು ನಿಲ್ಲುತ್ತದೆ. ನನಗೆ ಹತ್ತು ವರ್ಷವಿದ್ದಾಗ ಬಂದ ಗ್ಯಾಂಗಿನಲ್ಲಿ ನನ್ನ ವಯಸ್ಸಿನವನೇ ಒಬ್ಬನಿದ್ದ. ಶಾಲೆಯಿಲ್ಲ, ವರ್ಷಕ್ಕೊಂದು ಹೊಸ ಊರು; ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ದಿನವೂ ಅವನ ಗುಡಿಸಲಿನಲ್ಲಿ ಹೊರಳಾಡಿ ಬರುತ್ತಿದ್ದೆ. ಒಂದು ದಿನ, "ನಿಮ್ಮ ಮನಿ ಭಾಳ ಛಲೋ ಐತಿ" ಅಂದೆ. ಅವನು ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಮನ್ಯಾಗ ಒಂದಿನ ನನಗ ಮಲಗಾಕ ಬಿಡ್ತಾರೇನು?" ಅಂದ. ನಾನು ಓಡಿ ಹೋಗಿ ಅವ್ವನನ್ನು ಕೇಳಿದೆ. ಅವ್ವ ಅವನಿಗೆ ಎರಡು ರೊಟ್ಟಿ, ಪಲ್ಯ ಕೊಟ್ಟು ಕಳಿಸಿದಳು. ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.

ನಾನು ಅವನ ಗುಡಿಸಲಿನಲ್ಲಿ ಮಲಗಬಹುದಿತ್ತು, ಅವನು ನಮ್ಮ ಮನೆಯಲ್ಲಿ ಮಲಗುವಂತಿರಲಿಲ್ಲ. ನಾನು ಹುಡುಕುತ್ತಿದ್ದ ವ್ಯತ್ಯಾಸ ಇದೇ. ಒಬ್ಬರು ಗಾಡಿಯೊಳಗೆ ಹೇಗೆ ಬಂದರು ಎನ್ನುವುದು ಹೊರಗಿನವರಿಗೆ ಕಾಣದು, ಅದನ್ನು ಅಳೆಯುವ ಅಧಿಕಾರವೂ ನಮಗಿಲ್ಲ. ಆದರೆ ಬಾಗಿಲು ಬಡಿದಾಗ ಏನಾಗುತ್ತದೆ ಎನ್ನುವುದು ಎಲ್ಲರಿಗೂ ಕಾಣುತ್ತದೆ. ಸ್ವಾತಂತ್ರ್ಯದ ಅಳತೆ ಹೊರಡುವ ಗಳಿಗೆಯಲ್ಲಿ ಸಿಗುವುದಿಲ್ಲ, ಎಬ್ಬಿಸಿದ ಗಳಿಗೆಯಲ್ಲಿ ಸಿಗುತ್ತದೆ. ಗೆಳೆಯನನ್ನು ಎಬ್ಬಿಸಿದ್ದರೆ ಒಂದು ರಾತ್ರಿಯ ನಿದ್ದೆ ಹಾಳು. ಮುಂದೆ ಯಾವುದಾದರೂ ಹೋಟೆಲು, ಏನೂ ಇಲ್ಲದಿದ್ದರೆ ಹನ್ನೊಂದು ಪೆಟ್ಟಿಗೆಗಳಿರುವ ಆ ಮನೆ. ಅವನ ಬದುಕು ಒಂದು ಟನ್ನು ಎನ್ನುವುದು ಸುಳ್ಳು. ಟ್ರೇಲರ್ ಹಗುರವಾಗಿದ್ದದ್ದು ಭಾರವನ್ನು ಬೇರೆ ಕಡೆ ಇಟ್ಟು ಬಂದದ್ದರಿಂದ.

'ಜಂಗಮ' ಎಂದು ಬರೆದ ಕೈಗೂ ಆಗ ನಾಚಿಕೆಯಾಯಿತು. ವಚನಕಾರರ ಆ ಪದ ಚಕ್ರಗಳ ಬಗೆಗಿನದಲ್ಲ. ಹಣವಿದ್ದವರು ಕಟ್ಟುವ ಗುಡಿಯ ಎದುರು ಹಣವಿಲ್ಲದವನ ಬದುಕನ್ನು ನಿಲ್ಲಿಸಿದ ಪದ. ನಾವು ಅದನ್ನು ಎರವಲು ತಂದು ನಮ್ಮ ಪುಟ್ಟ ಗುಡಿಯ ಬಾಗಿಲಿಗೇ ಅಂಟಿಸಿದ್ದೆವು. ನಿಜವಾಗಿ ನಡೆಯಬೇಕಾದವರನ್ನು ಎಬ್ಬಿಸಿ ಓಡಿಸುವ ಹೊತ್ತಿಗೆ ನಾನು ಅದರ ಅರ್ಥ ವಿವರಿಸುತ್ತಿದ್ದೆ.

ಊರಿಗೆ ಫೋನ್ ಮಾಡಿದಾಗ ಅವ್ವ ಮೊದಲು ಬೈದಳು, "ಮನಿ ಇದ್ದು ಡಬ್ಬ್ಯಾಗ ಯಾಕ ಮಲಗ್ತಿ ಯಪ್ಪಾ?" ಅಂತ. ನಾನು ಆ ರಾತ್ರಿಯ ಕಥೆ ಹೇಳಿದೆ. ಸುಮ್ಮನೆ ಕೇಳಿ, "ಆಕೀಗೆ ಎಲ್ಲಿಗೆ ಹೋಗಂದ್ರಂತ?" ಅಂದಳು. ಎಲ್ಲಿಗೂ ಅಲ್ಲ, ಇಲ್ಲಿಂದ ಹೋಗು ಅಂದದ್ದಷ್ಟೇ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆಯೂ ಒರೆಗಾನ್ ರಾಜ್ಯದ ಗ್ರ್ಯಾಂಟ್ಸ್ ಪಾಸ್ ಎಂಬ ಊರಿನ ಇಂಥದೇ ಪ್ರಶ್ನೆ ಬಂದಿತ್ತು: ಬೇರೆ ಜಾಗವಿಲ್ಲದವರು ಸಾರ್ವಜನಿಕ ಜಾಗದಲ್ಲಿ ಮಲಗಿದರೆ ಶಿಕ್ಷಿಸಬಹುದೇ? 2024ರ ಜೂನ್ 28ರಂದು 6-3ರ ಬಹುಮತದಲ್ಲಿ, ಅಂಥ ನಿಷೇಧವನ್ನು ಜಾರಿ ಮಾಡುವುದು ಸಂವಿಧಾನ ತಡೆಯುವ ಕ್ರೂರ ಶಿಕ್ಷೆಯಲ್ಲ ಎಂದು ಕೋರ್ಟು ಹೇಳಿತು. ಅವ್ವನ ಪ್ರಶ್ನೆ ಹಾಗೇ ಉಳಿಯಿತು. ಅದನ್ನು ಕೇಳಿದ್ದು, ಹಿಂದೊಮ್ಮೆ ಒಬ್ಬ ಹುಡುಗನ ಪ್ರಶ್ನೆಗೆ ರೊಟ್ಟಿಯಿಂದ ಉತ್ತರಿಸಿದವಳು. ಅವಳಿಗೂ ಅದು ನೆನಪಿತ್ತೋ ಏನೋ, ನಾನು ಕೇಳಲಿಲ್ಲ.

ಹಾಗೆಂದು ಗೆಳೆಯ ಟ್ರೇಲರ್ ಮಾರಬೇಕೆಂದು ನಾನು ಹೇಳುವುದಿಲ್ಲ. ಅವನು ಬಿಟ್ಟರೆ ಆ ಹೆಂಗಸಿಗೆ ಮನೆ ಸಿಗುವುದಿಲ್ಲ. ಪ್ರತಿ ವಸ್ತುವಿಗೂ ಕಾರಣ ಕೇಳುವ ಅಭ್ಯಾಸ ಒಳ್ಳೆಯದೇ. ಆದರೆ ಅದನ್ನು ಬಡತನ, ವೈರಾಗ್ಯ ಎಂದೆಲ್ಲ ಕರೆಯಬಾರದು. ಬೆನ್ನಿಗೆ ಭದ್ರತೆಯಿರುವ ಚಿಕ್ಕ ಮನೆ ಅದು, ಅಷ್ಟೇ. ಇನ್ನೊಂದು ಮಾತು ನನಗೆ ಹೆಚ್ಚು ಕಷ್ಟದ್ದು. ನಾವು ತೂಗದೆ ಬಿಟ್ಟ ಆ ಸಾಮಾನು ಇರುವುದೇ ಇಂಥ ರಾತ್ರಿಗಳಲ್ಲಿ ಖರ್ಚು ಮಾಡಲಿಕ್ಕೆ. "ನಾವೂ ಅದನ್ನೇ ಮಾಡುತ್ತಿದ್ದೇವೆ, ಎಬ್ಬಿಸುವುದಾದರೆ ನಮ್ಮನ್ನೂ ಎಬ್ಬಿಸಿ" ಎಂದು ಅಂದು ಹೇಳಬಹುದಿತ್ತು. ಅದರಿಂದ ಅವರಿಗೆ ಏನೂ ಸಿಗದೆಯೂ ಹೋಗಬಹುದಿತ್ತು. ಆದರೆ ಮಾತಾಡಿ ಕಳೆದುಕೊಳ್ಳುವುದು ಕಡಿಮೆ ಇದ್ದದ್ದು ನಮಗೆ. ಕಡಿಮೆ ಅಪಾಯ ಇದ್ದವರೇ ಸುಮ್ಮನಿದ್ದರೆ ಇನ್ಯಾರು ಮಾತಾಡಬೇಕು?

ಈಗ ಗೆಳೆಯ ಊರಾಚೆ ಒಬ್ಬ ರೈತರ ಹೊಲದ ಅಂಚಿನಲ್ಲಿ ಟ್ರೇಲರ್ ನಿಲ್ಲಿಸಿಕೊಂಡು ಥೀಸಿಸ್ ಬರೆಯುತ್ತಿದ್ದಾನೆ. ಆಗಸ್ಟಿನಲ್ಲಿ ಒಂದು ಸಂಜೆ ಹೋಗಿದ್ದೆ. ಚಹಾದ ಪುಡಿಗೆಂದು ಕಪಾಟು ತೆರೆದಾಗ ಬಾಗಿಲ ಒಳಬದಿಯ ಪಟ್ಟಿ ಕಂಡಿತು. ಎಲ್ಲಕ್ಕಿಂತ ಕೆಳಗೆ ಅವನು ಹೊಸದೊಂದು ಸಾಲು ಸೇರಿಸಿದ್ದ: 'ನೆಲಮಾಳಿಗೆ, 11 ಪೆಟ್ಟಿಗೆ'. ಅದರ ಮುಂದೆ ತೂಕದ ಜಾಗ ಖಾಲಿ ಇತ್ತು. ನಾನು ಪೆನ್ಸಿಲ್ ತೆಗೆದುಕೊಂಡು ಅದರ ಕೆಳಗೆ ಕನ್ನಡದಲ್ಲಿ 'ಮುಧೋಳದ ಮನೆ' ಎಂದು ಬರೆದೆ. ತೂಕದ ಜಾಗವನ್ನು ನಾನೂ ಖಾಲಿ ಬಿಟ್ಟೆ.